ಕೈಯಲ್ಲಿರೋ ಹಲಗೆಯ ಕಥೆ: ಪಿಕಲ್‌ಬಾಲ್ ಪ್ಯಾಡಲ್‌ಗೆ ಕಂಟ್ರೋಲ್ ಬಂದಿದ್ದು ಎಲ್ಲಿಂದ?

ಈ ಎಪಿಸೋಡ್ ಯಾವ ರಾಜನ ಬಗ್ಗೆಯೂ ಅಲ್ಲ, ಯಾವ ಯುದ್ಧದ ಬಗ್ಗೆಯೂ ಅಲ್ಲ. ಕೈಯಲ್ಲಿ ಹಿಡಿಯೋ ಒಂದು ಹಲಗೆಯ ಬಗ್ಗೆ.

ಮಹಾಲಕ್ಷ್ಮಿ ಲೇಔಟ್, ಬಸವೇಶ್ವರನಗರ, ರಾಜಾಜಿನಗರ ಕಡೆ ಇರೋರಿಗೆ ಆ ಸದ್ದು ಈಗ ಗೊತ್ತಿರುತ್ತೆ. ಸಂಜೆ ಲೈಟ್ ಹಾಕಿದ ಮೇಲೆ ಟಕ್, ಟಕ್, ಟಕ್. ಪಿಕಲ್‌ಬಾಲ್. ಈ ಆಟ ನಮ್ಮ ಲೇಔಟ್‌ಗಳಿಗೆ ಇಷ್ಟು ಚೆನ್ನಾಗಿ ಒಗ್ಗಿದ್ದಕ್ಕೆ ಒಂದು ಸಿಂಪಲ್ ಲೆಕ್ಕ ಇದೆ. ಕೋರ್ಟ್ 20 ಅಡಿ ಅಗಲ, 44 ಅಡಿ ಉದ್ದ. ಸುತ್ತ ಓಡಾಡೋ ಜಾಗ ಸೇರಿಸಿದರೆ ಕನಿಷ್ಠ 30ಕ್ಕೆ 60 ಬೇಕು. ಅಂದರೆ 30×40 ಸೈಟಿನಲ್ಲಿ ಹಿಡಿಸಲ್ಲ, 40×60 ಸೈಟಿನಲ್ಲಿ ಒಂದು ಕೋರ್ಟ್ ಆರಾಮಾಗಿ ಕೂರುತ್ತೆ. ಮನೆ ಕಟ್ಟೋಕೆ ಅಂತ ಅಳತೆ ಹಾಕಿದ ಊರಿಗೆ ಈ ಆಟ ಹೇಳಿ ಮಾಡಿಸಿದ ಹಾಗಿದೆ.

ಕೋರ್ಟ್ ಸಿಕ್ತು. ಒಂದು ತಿಂಗಳು ಬಾಡಿಗೆ ಪ್ಯಾಡಲ್‌ನಲ್ಲಿ ಆಡಿದ್ದಾಯ್ತು. ಆಮೇಲೆ ಬರೋ ಪ್ರಶ್ನೆ ಒಂದೇ: "ಗುರು, ಬಾಲ್ ಎಲ್ಲೆಲ್ಲೋ ಹೋಗ್ತಿದೆ, ಕಂಟ್ರೋಲ್‌ಗೆ ಯಾವ ಪ್ಯಾಡಲ್ ತಗೊಳ್ಳಲಿ?" ಅಂಗಡಿಯಲ್ಲಿ ಸಾವಿರ ರೂಪಾಯಿಯದ್ದೂ ಇದೆ, 20 ಸಾವಿರ ದಾಟಿದ್ದೂ ಇದೆ. ಎರಡರ ಮೇಲೂ ಕಂಟ್ರೋಲ್ ಅಂತಲೇ ಬರೆದಿರುತ್ತೆ. ಹಾಗಾದರೆ ಆ ಪದದ ಅರ್ಥ ಏನು? ಅದು ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಪ್ಲೈವುಡ್ ಕಾಲ

1965ರ ಬೇಸಿಗೆ. ಅಮೆರಿಕದ ಸಿಯಾಟಲ್ ಪಕ್ಕದಲ್ಲಿರೋ ಬೈನ್‌ಬ್ರಿಡ್ಜ್ ದ್ವೀಪ. ಜೋಯಲ್ ಪ್ರಿಚರ್ಡ್ ಅನ್ನೋ ರಾಜಕಾರಣಿ, ಅವರ ಸ್ನೇಹಿತ ಬಿಲ್ ಬೆಲ್. ಮನೆ ಹತ್ತಿರ ಹಳೆ ಶಟಲ್ ಕೋರ್ಟ್ ಇತ್ತು, ಆದರೆ ಆಡೋಕೆ ಪೂರ್ತಿ ಸಾಮಾನು ಸಿಗಲಿಲ್ಲ. ಟೇಬಲ್ ಟೆನಿಸ್ ಬ್ಯಾಟು, ತೂತು ತೂತಿನ ಪ್ಲಾಸ್ಟಿಕ್ ಚೆಂಡು ಹಿಡ್ಕೊಂಡು ಶುರು ಮಾಡಿದರು. ಪಿಕಲ್‌ಬಾಲ್ ಕೋರ್ಟಿನ ಅಳತೆ ಇವತ್ತಿಗೂ ಶಟಲ್ ಡಬಲ್ಸ್ ಕೋರ್ಟಿನ ಅಳತೆಯೇ ಆಗಿರೋದು ಇದೇ ಕಾರಣಕ್ಕೆ.

ಅವರ ಇನ್ನೊಬ್ಬ ಸ್ನೇಹಿತ ಬಾರ್ನಿ ಮೆಕಲಮ್. ಸಣ್ಣ ಬ್ಯಾಟು ಸಾಲ್ತಿಲ್ಲ ಅನಿಸಿದಾಗ, ಪ್ಲೈವುಡ್ ತಂದು ಯಂತ್ರದಲ್ಲಿ ಕೊಯ್ದು ದೊಡ್ಡ ಹಲಗೆ ಮಾಡಿದ್ದು ಇವರೇ. ಪಿಕಲ್‌ಬಾಲ್ ಪ್ಯಾಡಲ್ ಹುಟ್ಟಿದ್ದು ಹೀಗೆ. ನಂತರ ಸುಮಾರು 20 ವರ್ಷ ಪ್ಯಾಡಲ್ ಅಂದರೆ ಮರವೇ.

ಆ ಮೂವರು ಸೇರಿ ಬರೆದ ನಿಯಮಗಳಲ್ಲಿ ಒಂದು ಇಡೀ ಆಟದ ದಿಕ್ಕನ್ನೇ ಬದಲಿಸಿತು. ನೆಟ್‌ನಿಂದ ಎರಡೂ ಕಡೆ 7 ಅಡಿ ಜಾಗದಲ್ಲಿ ನಿಂತು ಚೆಂಡನ್ನು ನೆಲಕ್ಕೆ ಬೀಳೋ ಮೊದಲೇ ಹೊಡೆಯೋ ಹಾಗಿಲ್ಲ. ಆ ಜಾಗಕ್ಕೆ ಎಲ್ಲರೂ ಕಿಚನ್ ಅಂತಾರೆ. ಈ ನಿಯಮ ಇಲ್ಲದಿದ್ದರೆ ಉದ್ದ ಇರೋರು ನೆಟ್‌ಗೆ ಅಂಟ್ಕೊಂಡು ನಿಂತು ಬಂದದ್ದನ್ನೆಲ್ಲ ಕುಟ್ಟಿಬಿಡ್ತಿದ್ದರು, ಆಟ ಅಲ್ಲಿಗೇ ಮುಗೀತಿತ್ತು. ಕಿಚನ್ ಇರೋದರಿಂದ ಇನ್ನೊಂದು ದಾರಿ ಹುಟ್ಕೊಂಡಿತು. ಎದುರಾಳಿ ಕುಟ್ಟೋಕೆ ಆಗದ ಹಾಗೆ ಚೆಂಡನ್ನು ಮೆತ್ತಗೆ ಅವರ ಕಿಚನ್‌ಗೆ ಇಳಿಸೋದು. ಡಿಂಕ್, ಡ್ರಾಪ್ ಅಂತ ಕರೀತಾರಲ್ಲ, ಅದೇ.

ಪಿಕಲ್‌ಬಾಲ್‌ನಲ್ಲಿ ಕಂಟ್ರೋಲ್ ಅಂದರೆ ಇಷ್ಟೇ: ವೇಗವಾಗಿ ಬಂದ ಚೆಂಡಿನ ಜೋರನ್ನು ಕೊಂದು, ಬೇಕಾದ ಜಾಗಕ್ಕೆ ಮೆತ್ತಗೆ ಇಳಿಸೋ ಶಕ್ತಿ. ಇದನ್ನ ನೆನಪಿಟ್ಕೊಳ್ಳಿ, ಕೊನೆಗೆ ಅಂಗಡಿಗೆ ಹೋಗೋವಾಗ ಬೇಕಾಗುತ್ತೆ.

ಬ್ಯಾಟು ಬದಲಾದರೆ ಆಟ ಬದಲಾಗುತ್ತೆ

ಹಲಗೆ ಏನಾದರೇನು, ಆಡೋರು ಮುಖ್ಯ ಅಲ್ವಾ ಅಂತ ಕೇಳಬಹುದು. ಅದಕ್ಕೆ ನಮ್ಮ ದೇಶದಲ್ಲೇ ನಡೆದ ಒಂದು ಘಟನೆ ಇದೆ, ಪಿಕಲ್‌ಬಾಲ್ ಹುಟ್ಟೋದಕ್ಕಿಂತ 13 ವರ್ಷ ಮುಂಚಿನದು.

1952ರ ಫೆಬ್ರವರಿ, ಮುಂಬೈ. ಟೇಬಲ್ ಟೆನಿಸ್ ವಿಶ್ವ ಚಾಂಪಿಯನ್‌ಷಿಪ್. ಜಪಾನಿನ ಹಿರೋಜಿ ಸಾಟೊ ಒಂದು ವಿಚಿತ್ರ ಬ್ಯಾಟು ಹಿಡ್ಕೊಂಡು ಬಂದರು. ಮರದ ಮೇಲೆ ದಪ್ಪ ಸ್ಪಂಜು. ಅಲ್ಲಿವರೆಗೆ ಎಲ್ಲರ ಬ್ಯಾಟಿನಲ್ಲೂ ಇದ್ದದ್ದು ತೆಳು ರಬ್ಬರ್, ಚೆಂಡು ತಾಗಿದ ಸದ್ದು ಕೇಳ್ತಿತ್ತು. ಸಾಟೊ ಬ್ಯಾಟಿನಲ್ಲಿ ಸದ್ದೇ ಇಲ್ಲ. ಸ್ಪಂಜಿನಿಂದ ಚೆಂಡು ಯಾವ ವೇಗದಲ್ಲಿ ಚಿಮ್ಮುತ್ತೆ ಅಂತ ಎದುರಿದ್ದೋರಿಗೆ ಅಂದಾಜೇ ಸಿಗಲಿಲ್ಲ. ಸಾಟೊ ವಿಶ್ವ ಚಾಂಪಿಯನ್ ಆದರು. ಆಮೇಲೆ ಏಳು ವರ್ಷ ಗಲಾಟೆ. ಕೊನೆಗೆ 1959ರಲ್ಲಿ ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್ ಬರೀ ಸ್ಪಂಜನ್ನು ನಿಷೇಧಿಸಿತು. ಸ್ಪಂಜಿನ ಮೇಲೆ ರಬ್ಬರ್ ಇರಲೇಬೇಕು, ಎರಡೂ ಸೇರಿ 4 ಮಿಲಿಮೀಟರ್ ದಾಟಬಾರದು ಅಂತ ನಿಯಮ ಬಂತು.

ಹೊಸ ವಸ್ತು ಬರುತ್ತೆ, ವೇಗ ಏರುತ್ತೆ, ನಿಯಮ ಅದನ್ನ ಹಿಂದಕ್ಕೆ ಎಳೆಯುತ್ತೆ. ಪಿಕಲ್‌ಬಾಲ್‌ನಲ್ಲೂ ಆಗಿದ್ದು ಇದೇ.

ವಿಮಾನದ ನೆಲದಿಂದ ಬಂದ ಪ್ಯಾಡಲ್

1984. ಬೋಯಿಂಗ್ ವಿಮಾನ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಆರ್ಲೆನ್ ಪರಾಂಟೊ ಮರ ಬಿಟ್ಟು ಬೇರೆ ಏನಾದರೂ ನೋಡೋಣ ಅಂದುಕೊಂಡರು. ಪ್ರಯಾಣಿಕರ ವಿಮಾನದ ನೆಲಕ್ಕೆ ಹಾಕೋ ಪ್ಯಾನೆಲ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಳಗೆ ಜೇನುಗೂಡಿನ ಥರ ಆರು ಮೂಲೆಯ ಖಾಲಿ ಕೋಣೆಗಳು, ಮೇಲೆ ಕೆಳಗೆ ಗಟ್ಟಿ ಹಾಳೆ. ಭಾರ ಕಡಿಮೆ, ಗಟ್ಟಿತನ ಜಾಸ್ತಿ. ಅದನ್ನೇ ಕತ್ತರಿಸಿ ಪ್ಯಾಡಲ್ ಮಾಡಿದರು. ಮೊದಲ ಕಾಂಪೋಸಿಟ್ ಪ್ಯಾಡಲ್ ಅದು.

ಈ ತಂತ್ರಜ್ಞಾನ ಬೆಂಗಳೂರಿಗೆ ದೂರದ್ದಲ್ಲ. ಹಗುರ ಹಾಳೆಗಳನ್ನು ಪದರ ಪದರವಾಗಿ ಅಂಟಿಸಿ ಉಕ್ಕಿನಷ್ಟು ಗಟ್ಟಿ ಮಾಡೋ ಕೆಲಸವನ್ನು ಈ ಊರಿನ ಹಳೆ ಏರ್‌ಪೋರ್ಟ್ ರಸ್ತೆ ಕಡೆ ದಶಕಗಳಿಂದ ಮಾಡ್ತಿದ್ದಾರೆ. 2001ರ ಜನವರಿ 4ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೊದಲ ಸಲ ಹಾರಿದ ತೇಜಸ್ ಯುದ್ಧ ವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು 45 ಪರ್ಸೆಂಟ್ ಕಾರ್ಬನ್ ಕಾಂಪೋಸಿಟ್. ಅದರ ಬಾಲದ ರೆಕ್ಕೆ ಮಾಡಿದ್ದು ನಮ್ಮ ಎನ್‌ಎಎಲ್. ನಿಮ್ಮ ಕೈಯಲ್ಲಿರೋ ಕಾರ್ಬನ್ ಫೈಬರ್ ಪ್ಯಾಡಲ್‌ಗೂ ತೇಜಸ್‌ಗೂ ವಸ್ತುವಿನ ಲೆಕ್ಕದಲ್ಲಿ ನೆಂಟಸ್ತಿಕೆ ಇದೆ.

ಪ್ಯಾಡಲ್‌ನ ಕಥೆಗೆ ವಾಪಸ್ ಬರೋಣ. ವಿಮಾನದ ಪ್ಯಾನೆಲ್‌ನಲ್ಲಿದ್ದ ನೋಮೆಕ್ಸ್ ಜೇನುಗೂಡು ತುಂಬಾ ಗಟ್ಟಿ, ಸದ್ದೂ ಜಾಸ್ತಿ, ಚೆಂಡು ಪಟ್ ಅಂತ ಚಿಮ್ಮುತ್ತೆ. ಬರಬರುತ್ತಾ ಅದರ ಜಾಗಕ್ಕೆ ಪಾಲಿಪ್ರೊಪಿಲೀನ್ ಅನ್ನೋ ಮೆತ್ತನೆ ಪ್ಲಾಸ್ಟಿಕ್‌ನ ಜೇನುಗೂಡು ಬಂತು. ಈಗ ಅಂಗಡಿಯಲ್ಲಿ ಸಿಗೋ ಬಹುಪಾಲು ಪ್ಯಾಡಲ್‌ಗಳ ಹೊಟ್ಟೆಯಲ್ಲಿರೋದು ಇದೇ. ಮುಖಕ್ಕೆ ಫೈಬರ್‌ಗ್ಲಾಸ್, ಗ್ರಾಫೈಟ್, ಆಮೇಲೆ ಒರಟು ಕಾರ್ಬನ್ ಬಂದವು. ಒರಟು ಮುಖ ಚೆಂಡನ್ನು ಹಿಡಿದು ತಿರುಗಿಸುತ್ತೆ. ಎಷ್ಟು ಒರಟಿರಬಹುದು ಅನ್ನೋದಕ್ಕೂ ನಿಯಮ ಇದೆ: ಮಿತಿ 30 ಮೈಕ್ರಾನ್, ಅಂದರೆ ತಲೆಕೂದಲಿನ ದಪ್ಪಕ್ಕಿಂತ ಕಡಿಮೆ.

2022ರ ಸುಮಾರಿಗೆ ಥರ್ಮೋಫಾರ್ಮಿಂಗ್ ಬಂತು. ಬಿಸಿ ಮತ್ತು ಒತ್ತಡ ಕೊಟ್ಟು, ಅಂಚಿಗೆ ಫೋಮ್ ತುಂಬಿ, ಇಡೀ ಪ್ಯಾಡಲನ್ನು ಒಂದೇ ತುಂಡಾಗಿ ಅಚ್ಚು ಹಾಕೋ ವಿಧಾನ. ಗಟ್ಟಿ, ಜೋರು. ಕೆಲವು ಪ್ಯಾಡಲ್‌ಗಳಲ್ಲಿ ಆಡ್ತಾ ಆಡ್ತಾ ಒಳಗಿನ ಜೇನುಗೂಡು ಜಜ್ಜಿಹೋಗಿ, ಮುಖ ಟ್ರಾಂಪೊಲಿನ್ ಥರ ಆಯ್ತು. ಹಳೆಯದಾದಷ್ಟೂ ಜೋರು ಹೆಚ್ಚು! ಆಗ ನಿಯಮದ ಕಡೆಯಿಂದ ಎಳೆತ ಶುರುವಾಯ್ತು. 2024ರಲ್ಲಿ ಯುಎಸ್‌ಎ ಪಿಕಲ್‌ಬಾಲ್ ಸಂಸ್ಥೆ ಪ್ಯಾಡಲ್‌ನಿಂದ ಚೆಂಡು ಎಷ್ಟು ಜೋರಾಗಿ ವಾಪಸ್ ಚಿಮ್ಮುತ್ತೆ ಅಂತ ಅಳೆಯೋ ಹೊಸ ಪರೀಕ್ಷೆ ತಂದಿತು.

ಯಾಕಿಷ್ಟು ತಲೆಬಿಸಿ? ಲೆಕ್ಕ ಹಾಕಿ. ಎರಡೂ ಕಡೆಯವರು ಕಿಚನ್ ಗೆರೆಯಲ್ಲಿ ನಿಂತರೆ ಮಧ್ಯೆ ಇರೋದು 14 ಅಡಿ. ಚೆಂಡು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬಂದರೂ ನಿಮಗೆ ಸಿಗೋದು ಒಂದು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಎದುರುಗಡೆ ನಿಮ್ಮ ಅಪ್ಪ ಅಮ್ಮನ ವಯಸ್ಸಿನೋರು ಆಡ್ತಿರಬಹುದು. ಪ್ಯಾಡಲ್ ಇನ್ನೂ ಜೋರಾದರೆ ಕಣ್ಣಿಗೆ ಅಪಾಯ, ಮೆತ್ತನೆ ಆಟಕ್ಕೆ ಸಾವು. ವಯಸ್ಸಿನ ಭೇದ ಇಲ್ಲದೆ ಎಲ್ಲರೂ ಒಟ್ಟಿಗೆ ಆಡಬಹುದು ಅನ್ನೋದೇ ಈ ಆಟದ ಆಸ್ತಿ. ಅದನ್ನ ಉಳಿಸ್ತಿರೋದು ಕಂಟ್ರೋಲ್.

ಮಲ್ಲೇಶ್ವರದ ಪಾಠ

ಭಾರತಕ್ಕೆ ಪಿಕಲ್‌ಬಾಲ್ ತಂದೋರು ಮುಂಬೈನ ಸುನೀಲ್ ವಾಲಾವಲ್ಕರ್, 2008ರಲ್ಲಿ ಅಖಿಲ ಭಾರತ ಸಂಸ್ಥೆಯೂ ಹುಟ್ಟಿತು. ಆದರೆ ಕಂಟ್ರೋಲ್ ಅಂದರೆ ಏನು ಅಂತ ಜಗತ್ತಿಗೆ ತೋರಿಸಿದ ಆಟಗಾರ ಅದಕ್ಕೂ ಬಹಳ ಮೊದಲೇ ಮಹಾಲಕ್ಷ್ಮಿ ಲೇಔಟ್‌ನಿಂದ ಕೂಗಳತೆಯಲ್ಲಿ ಬೆಳೆದಿದ್ದರು. ಆಟ ಬೇರೆ, ಆದರೆ ಕೋರ್ಟಿನ ಅಳತೆ ಅದೇ.

ಪ್ರಕಾಶ್ ಪಡುಕೋಣೆ ಆಟ ಕಲಿತಿದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ. ಅದು ಮದುವೆ ಹಾಲ್ ಕೂಡ. ಮದುವೆ ಇಲ್ಲದ ದಿನ ನೋಡ್ಕೊಂಡು ಪ್ರಾಕ್ಟೀಸ್ ಮಾಡಬೇಕಿತ್ತು. 1971ರಿಂದ ಸತತ ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್. 1980ರ ಮಾರ್ಚ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಫೈನಲ್. ಎದುರಿಗೆ ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್, ಹಿಂದಿನ ಎರಡು ವರ್ಷದ ಚಾಂಪಿಯನ್, ಎಗರಿ ಹೊಡೆಯೋ ಸ್ಮ್ಯಾಷ್‌ಗೆ ಹೆಸರುವಾಸಿ. ಪ್ರಕಾಶ್ ಆ ವೇಗಕ್ಕೆ ವೇಗದಿಂದ ಉತ್ತರ ಕೊಡಲಿಲ್ಲ. ಆಟ ನಿಧಾನ ಮಾಡಿದರು, ಡ್ರಾಪ್ ಹಾಕಿದರು, ನೆಟ್ ಹತ್ತಿರ ಎಳೆದರು, ಕಿಂಗ್‌ಗೆ ಕುಟ್ಟೋ ಅವಕಾಶವನ್ನೇ ಕಸಿದರು. 15-3, 15-10. ಜೋರಿನ ಎದುರು ಮೆತ್ತನೆ ಕೈ ಗೆದ್ದ ಆಟ ಅದು.

ಹಾಗಾದರೆ ಯಾವುದು ತಗೊಳ್ಳೋದು?

ಇಷ್ಟು ಇತಿಹಾಸ ತಲೆಯಲ್ಲಿ ಇಟ್ಕೊಂಡು ಈಗ ಅಂಗಡಿಗೆ ಹೋಗೋಣ. ಬಾಕ್ಸ್ ಮೇಲಿನ ದೊಡ್ಡ ಅಕ್ಷರ ಬಿಡಿ, ಹಿಂದಿರೋ ಸಣ್ಣ ಅಕ್ಷರ ಓದಿ.

ಮೊದಲನೆಯದು ದಪ್ಪ. 13, 14 ಮಿಲಿಮೀಟರ್ ಪ್ಯಾಡಲ್‌ನಲ್ಲಿ ಚೆಂಡು ಬೇಗ ಚಿಮ್ಮುತ್ತೆ. 16 ಮಿಲಿಮೀಟರ್ ಜೋರನ್ನ ಹೀರ್ಕೊಳ್ಳುತ್ತೆ, ಚೆಂಡು ನಡುಮಧ್ಯೆ ತಾಗದಿದ್ದರೂ ಕೈಯಲ್ಲಿ ಅಷ್ಟು ತಿರುಗಲ್ಲ. ಕಂಟ್ರೋಲ್ ಬೇಕು ಅಂದರೆ 16ರಿಂದ ಶುರು ಮಾಡಿ.

ಎರಡನೆಯದು ಮುಖ. ಫೈಬರ್‌ಗ್ಲಾಸ್ ಬಾಗುತ್ತೆ, ಹಾಗಾಗಿ ಚಿಮ್ಮುತ್ತೆ. ಕಾರ್ಬನ್ ಗಟ್ಟಿ, ಪ್ರತಿ ಸಲ ಹೆಚ್ಚುಕಮ್ಮಿ ಒಂದೇ ಥರ ಉತ್ತರ ಕೊಡುತ್ತೆ. ಒರಟು ಕಾರ್ಬನ್ ಆಡ್ತಾ ಆಡ್ತಾ ಸವೆಯುತ್ತೆ ಅನ್ನೋದು ಗೊತ್ತಿರಲಿ. ಕಾಮರ್ಸ್ ಓದಿದೋರ ಭಾಷೆಯಲ್ಲಿ ಹೇಳಬೇಕಂದ್ರೆ, ಇದಕ್ಕೂ ಡಿಪ್ರಿಸಿಯೇಷನ್ ಇದೆ.

ಮೂರನೆಯದು ಆಕಾರ. ಉದ್ದ ಅಗಲ ಕೂಡಿದರೆ 24 ಇಂಚು ದಾಟಬಾರದು ಅನ್ನೋದು ನಿಯಮ. ಹಾಗಾಗಿ ಉದ್ದ ಬೇಕಾದರೆ ಅಗಲ ಬಿಡಬೇಕು. 16.5 ಇಂಚು ಉದ್ದದ್ದು ಅಂದರೆ 7.5 ಅಗಲ: ದೂರಕ್ಕೆ ಎಟಕುತ್ತೆ, ಜೋರು ಕೊಡುತ್ತೆ. 16ಕ್ಕೆ 8ರದ್ದು ಅಗಲ: ತಪ್ಪನ್ನ ಜಾಸ್ತಿ ಕ್ಷಮಿಸುತ್ತೆ. ಹೊಸಬರಿಗೆ ಅಗಲದ್ದೇ ಒಳ್ಳೇದು.

ನಾಲ್ಕನೆಯದು ತೂಕ ಮತ್ತು ಹಿಡಿ. ಸುಮಾರು 220ರಿಂದ 230 ಗ್ರಾಂ ಬಹಳ ಜನಕ್ಕೆ ಸರಿಹೋಗುತ್ತೆ. ತೀರಾ ಹಗುರ ಇದ್ದರೆ ಜೋರಾಗಿ ಬಂದ ಚೆಂಡಿಗೆ ಪ್ಯಾಡಲ್ ಅಲುಗಾಡುತ್ತೆ, ತೀರಾ ಭಾರ ಇದ್ದರೆ ಮೊಣಕೈ ಹಿಡ್ಕೊಳ್ಳುತ್ತೆ. ಹಿಡಿದಾಗ ಬೆರಳ ತುದಿಗೂ ಅಂಗೈಗೂ ಮಧ್ಯೆ ಇನ್ನೊಂದು ಕೈಯ ತೋರುಬೆರಳು ಹಿಡಿಸಬೇಕು. ಹಿಡಿಸದಿದ್ದರೆ ಹಿಡಿ ಸಣ್ಣ, ಜಾಗ ಉಳಿದರೆ ದಪ್ಪ.

ಕೊನೆಯದಾಗಿ, ದುಡ್ಡು ಕೊಡೋ ಮೊದಲು ಒಂದು ಪರೀಕ್ಷೆ. ಗೆಳೆಯರ ಹತ್ತಿರ ಎರಡು ಮೂರು ಥರದ ಪ್ಯಾಡಲ್ ಕೇಳಿ ತಗೊಳ್ಳಿ. ಹಿಂದಿನ ಗೆರೆಯಿಂದ ಒಂದೊಂದರಲ್ಲೂ 20 ಚೆಂಡು ಎದುರಿನ ಕಿಚನ್‌ಗೆ ಇಳಿಸಿ, ಎಷ್ಟು ಒಳಗೆ ಬಿತ್ತು ಎಣಿಸಿ. ಜೋರಾಗಿ ಹೊಡೆದು ನೋಡಬೇಡಿ, ಜೋರಿಗೆ ಎಲ್ಲಾ ಪ್ಯಾಡಲ್ ಚೆನ್ನಾಗೇ ಅನಿಸುತ್ತೆ. ಲೆಕ್ಕದಲ್ಲಿ 4 ಸಾವಿರದ್ದು 15 ಸಾವಿರದ್ದಕ್ಕೆ ಸಮ ಬಂದರೆ, ಉಳಿದ 11 ಸಾವಿರಕ್ಕೆ ಎಷ್ಟು ಗಂಟೆ ಕೋರ್ಟ್ ಸಿಗುತ್ತೆ ಅಂತ ಯೋಚನೆ ಮಾಡಿ.

ಯಾಕಂದ್ರೆ 60 ವರ್ಷದ ಈ ಕಥೆ ಹೇಳೋದು ಅದನ್ನೇ. ಪ್ಲೈವುಡ್ ಹೋಗಿ ಜೇನುಗೂಡು ಬಂತು, ಜೇನುಗೂಡಿನ ಜಾಗಕ್ಕೆ ಈಗ ಪೂರ್ತಿ ಫೋಮ್ ಬರ್ತಿದೆ, ನಾಳೆ ಇನ್ನೇನೋ ಬರುತ್ತೆ. ಆ 7 ಅಡಿ ಕಿಚನ್ ಮಾತ್ರ ಬದಲಾಗಿಲ್ಲ. ಒಳ್ಳೆ ಪ್ಯಾಡಲ್ ನಿಮ್ಮ ಕೈಗೆ ಅಡ್ಡ ಬರಲ್ಲ, ಅಷ್ಟೇ. ಕಂಟ್ರೋಲ್ ಬರೋದು ಕೋರ್ಟಿನಲ್ಲಿ ಕಳೆದ ಗಂಟೆಗಳಿಂದ.

ನೀವು ಯಾವ ಪ್ಯಾಡಲ್‌ನಲ್ಲಿ ಆಡ್ತೀರಾ, 20ರಲ್ಲಿ ಎಷ್ಟು ಇಳಿಸಿದ್ರಿ ಅಂತ ಬರೆದು ಕಳಿಸಿ.