ಆಹಾರದಲ್ಲಿನ ಮೀನೆಣ್ಣೆ ಮತ್ತು ಸೂಕ್ಷ್ಮ ರಕ್ತನಾಳಗಳ ಆರೋಗ್ಯ

ಪೀಠಿಕೆ

ಹೃದಯ, ಕಣ್ಣು ಹಾಗೂ ಮೂತ್ರಪಿಂಡಗಳ ರಕ್ಷಣೆಗೆ ಮೀನೆಣ್ಣೆಯು ಉಪಯುಕ್ತವೆಂಬ ನಂಬಿಕೆಯು ಸಾರ್ವಜನಿಕರಲ್ಲಿ ವ್ಯಾಪಕವಾಗಿದೆ. ಔಷಧಿ ಅಂಗಡಿಗಳಲ್ಲಿ ವೈದ್ಯರ ಚೀಟಿಯಿಲ್ಲದೆ ದೊರೆಯುವ ಮೀನೆಣ್ಣೆಯ ಕ್ಯಾಪ್ಸೂಲ್‌ಗಳನ್ನು ಮಧುಮೇಹಿಗಳು ಸ್ವಂತ ತೀರ್ಮಾನದಿಂದ ಸೇವಿಸುವುದೂ ಉಂಟು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಇವರೆಲ್ಲರ ಸೂಕ್ಷ್ಮ ರಕ್ತನಾಳಗಳು ಅಪಾಯಕ್ಕೆ ಒಳಗಾಗಬಹುದಾದ ಕಾರಣ, ಮೀನೆಣ್ಣೆಯಿಂದ ಆಗುವ ಮತ್ತು ಆಗದಿರುವ ಪ್ರಯೋಜನಗಳ ಕುರಿತು ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಸೂಕ್ಷ್ಮ ರಕ್ತನಾಳಗಳೆಂದರೇನು?

ಹೃದಯದಿಂದ ಹೊರಡುವ ರಕ್ತವು ದೊಡ್ಡ ಧಮನಿಗಳಿಂದ ಕಿರುಧಮನಿಗಳಿಗೂ, ಅಲ್ಲಿಂದ ಲೋಮನಾಳಗಳಿಗೂ ಹರಿಯುತ್ತದೆ. ಲೋಮನಾಳದ ಒಳವ್ಯಾಸವು ಸಾಮಾನ್ಯವಾಗಿ 5ರಿಂದ 10 ಮೈಕ್ರೋಮೀಟರ್ ಮಾತ್ರ. ಕೆಂಪು ರಕ್ತಕಣದ ವ್ಯಾಸವು 7ರಿಂದ 8 ಮೈಕ್ರೋಮೀಟರ್ ಇರುವುದರಿಂದ, ಅನೇಕ ಕಡೆ ರಕ್ತಕಣವು ತನ್ನ ಆಕಾರವನ್ನು ಬಾಗಿಸಿಕೊಂಡೇ ಮುಂದೆ ಸಾಗಬೇಕಾಗುತ್ತದೆ. ಅಂಗಾಂಶಗಳಿಗೆ ಆಮ್ಲಜನಕ ಮತ್ತು ಪೋಷಕಾಂಶಗಳು ತಲುಪುವುದು ಈ ನಾಳಗಳ ತೆಳುಗೋಡೆಯ ಮೂಲಕ.

ರಕ್ತದಲ್ಲಿನ ಸಕ್ಕರೆ ಹಾಗೂ ರಕ್ತದೊತ್ತಡಗಳು ಬಹುಕಾಲ ಹೆಚ್ಚಿದ್ದಲ್ಲಿ ನಾಳಗಳ ಒಳಪದರವು ಹಾನಿಗೊಳ್ಳುತ್ತದೆ. ಇದರ ಪರಿಣಾಮವು ಮುಖ್ಯವಾಗಿ ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡ ಮತ್ತು ಕಾಲಿನ ನರಗಳಲ್ಲಿ ಕಂಡುಬರುತ್ತದೆ. ಆರಂಭದ ಹಂತದಲ್ಲಿ ನೋವಾಗಲಿ, ದೃಷ್ಟಿಮಾಂದ್ಯವಾಗಲಿ ಇರುವುದಿಲ್ಲ. ತೊಂದರೆಯು ರೋಗಿಯ ಅರಿವಿಗೆ ಬರುವ ವೇಳೆಗೆ ಹಾನಿಯು ಸಾಕಷ್ಟು ಮುಂದುವರಿದಿರುತ್ತದೆ.

ಮೀನೆಣ್ಣೆಯಲ್ಲಿರುವ ಅಂಶಗಳು

ಮೀನಿನ ಕೊಬ್ಬಿನಲ್ಲಿ ಒಮೆಗಾ-3 ವರ್ಗಕ್ಕೆ ಸೇರಿದ ಇಪಿಎ ಮತ್ತು ಡಿಎಚ್‌ಎ ಎಂಬ ಎರಡು ಮುಖ್ಯ ಮೇದಾಮ್ಲಗಳಿವೆ. ಇವುಗಳ ಮೂಲವು ಸಮುದ್ರದ ಸೂಕ್ಷ್ಮ ಪಾಚಿಗಳಾಗಿದ್ದು, ಆಹಾರ ಸರಪಳಿಯ ಮೂಲಕ ಮೀನಿನಲ್ಲಿ ಸಂಗ್ರಹವಾಗುತ್ತವೆ. ಡಿಎಚ್‌ಎ ಅಕ್ಷಿಪಟಲ ಹಾಗೂ ಮಿದುಳಿನ ಜೀವಕೋಶಗಳ ಪೊರೆಯ ಪ್ರಮುಖ ಘಟಕವಾಗಿರುತ್ತದೆ.

ಸೇವಿಸಿದ ಒಮೆಗಾ-3 ಅಂಶವು ದೇಹದಲ್ಲಿ ಈ ಕೆಳಕಂಡ ಬದಲಾವಣೆಗಳನ್ನು ಉಂಟುಮಾಡುತ್ತದೆ:

1. ರಕ್ತಕಣಗಳ ಪೊರೆಯಲ್ಲಿ ಸೇರಿಕೊಂಡು ಅವುಗಳ ಬಾಗುವ ಗುಣಕ್ಕೆ ನೆರವಾಗಬಲ್ಲದು.
2. ರಕ್ತವನ್ನು ಹೆಪ್ಪುಗಟ್ಟಿಸುವ ಕಿರುತಟ್ಟೆಗಳು ಒಂದಕ್ಕೊಂದು ಅಂಟಿಕೊಳ್ಳುವ ಪ್ರವೃತ್ತಿಯನ್ನು ತಗ್ಗಿಸುತ್ತದೆ.
3. ದಿನಕ್ಕೆ ಸುಮಾರು 4 ಗ್ರಾಂನಷ್ಟು ಹೆಚ್ಚಿನ ಪ್ರಮಾಣದಲ್ಲಿ ನೀಡಿದಾಗ ರಕ್ತದಲ್ಲಿನ ಟ್ರೈಗ್ಲಿಸರೈಡ್ ಕೊಬ್ಬನ್ನು ಗಣನೀಯವಾಗಿ ಇಳಿಸುತ್ತದೆ.
4. ರಕ್ತದೊತ್ತಡವನ್ನು ಅಲ್ಪ ಪ್ರಮಾಣದಲ್ಲಿ ಕಡಿಮೆ ಮಾಡುತ್ತದೆ.

ಈ ಬದಲಾವಣೆಗಳು ಪ್ರಯೋಗಗಳಲ್ಲಿ ಕಂಡುಬಂದಿರುವುದು ನಿಜ. ಆದರೆ ರೋಗಿಯ ದೃಷ್ಟಿ ಅಥವಾ ಮೂತ್ರಪಿಂಡವು ಇವುಗಳಿಂದ ಉಳಿಯುವುದೇ ಎಂಬುದು ಪ್ರತ್ಯೇಕ ಪ್ರಶ್ನೆ.

ಅಧ್ಯಯನಗಳಿಂದ ತಿಳಿದುಬಂದಿರುವ ಸಂಗತಿಗಳು

1970ರ ದಶಕದಲ್ಲಿ ಡೆನ್ಮಾರ್ಕಿನ ವೈದ್ಯರಾದ ಬ್ಯಾಂಗ್ ಮತ್ತು ಡೈಯರ್‌ಬರ್ಗ್ ಅವರು ಗ್ರೀನ್‌ಲ್ಯಾಂಡಿನ ಇನ್ಯುಟ್ ಜನರ ಆಹಾರ ಹಾಗೂ ರಕ್ತವನ್ನು ಪರಿಶೀಲಿಸಿದರು. ಮೀನು ಮತ್ತು ಸಮುದ್ರ ಪ್ರಾಣಿಗಳೇ ಮುಖ್ಯ ಆಹಾರವಾಗಿದ್ದ ಈ ಜನರ ರಕ್ತದಲ್ಲಿ ಇಪಿಎ ಹೆಚ್ಚಾಗಿರುವುದನ್ನು ಅವರು ವರದಿ ಮಾಡಿದರು. ಮೀನೆಣ್ಣೆಯ ಬಗ್ಗೆ ವೈದ್ಯಲೋಕದ ಆಸಕ್ತಿಯು ಬೆಳೆದದ್ದು ಇಲ್ಲಿಂದಲೇ.

ಸ್ಪೇನ್ ದೇಶದ ಪ್ರೆಡಿಮೆಡ್ ಅಧ್ಯಯನದ ಮಧುಮೇಹಿಗಳ ಕುರಿತು 2016ರಲ್ಲಿ ಒಂದು ವರದಿಯು ಪ್ರಕಟವಾಯಿತು. ಆಹಾರದ ಮೂಲಕವೇ ದಿನಕ್ಕೆ ಕನಿಷ್ಠ 500 ಮಿಲಿಗ್ರಾಂ ಇಪಿಎ ಮತ್ತು ಡಿಎಚ್‌ಎ ಪಡೆಯುತ್ತಿದ್ದವರಲ್ಲಿ ದೃಷ್ಟಿಗೆ ಅಪಾಯವೊಡ್ಡುವ ಅಕ್ಷಿಪಟಲ ರೋಗವು ಶೇ. 48ರಷ್ಟು ಕಡಿಮೆ ಇತ್ತು. ವಾರಕ್ಕೆ ಎರಡು ಬಾರಿ ಕೊಬ್ಬುಳ್ಳ ಮೀನು ತಿನ್ನುವುದರಿಂದ ಈ ಪ್ರಮಾಣವು ದೊರೆಯುತ್ತದೆ. ಆದರೆ ಮೀನು ತಿನ್ನುವವರ ಇತರ ಅಭ್ಯಾಸಗಳೂ ಭಿನ್ನವಾಗಿರಬಹುದಾದ್ದರಿಂದ, ಇಂತಹ ವರದಿಯಿಂದ ಕಾರಣವನ್ನು ನಿಶ್ಚಯಿಸಲಾಗದು.

ಚೀಟಿ ಎತ್ತಿದಂತೆ ಆಯ್ಕೆ ಮಾಡಿ, ಒಂದು ಗುಂಪಿಗೆ ಎಣ್ಣೆಯನ್ನೂ ಮತ್ತೊಂದಕ್ಕೆ ತೋರಿಕೆಯ ಮಾತ್ರೆಯನ್ನೂ ನೀಡಿದ ಪರೀಕ್ಷೆಗಳ ಫಲಿತಾಂಶವು ಇಷ್ಟು ಆಶಾದಾಯಕವಾಗಿಲ್ಲ. 2018ರ ಅಸೆಂಡ್ ಅಧ್ಯಯನದಲ್ಲಿ 15,480 ಮಧುಮೇಹಿಗಳಿಗೆ ಸರಾಸರಿ 7 ವರ್ಷಕ್ಕೂ ಹೆಚ್ಚು ಕಾಲ ದಿನಕ್ಕೆ 1 ಗ್ರಾಂ ಎಣ್ಣೆಯನ್ನು ಅಥವಾ ತೋರಿಕೆಯ ಮಾತ್ರೆಯನ್ನು ನೀಡಲಾಯಿತು. ಗಂಭೀರ ರಕ್ತನಾಳ ತೊಂದರೆಗಳು ಎಣ್ಣೆ ಸೇವಿಸಿದವರಲ್ಲಿ ಶೇ. 8.9, ಸೇವಿಸದವರಲ್ಲಿ ಶೇ. 9.2 ಇದ್ದವು. ಇದು ಗಣನೆಗೆ ಬರುವ ವ್ಯತ್ಯಾಸವಲ್ಲ. 2019ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ 1,312 ಮಧುಮೇಹಿಗಳನ್ನು 5 ವರ್ಷ ಗಮನಿಸಿದಾಗ, ಮೂತ್ರಪಿಂಡದ ಕಾರ್ಯಕ್ಷಮತೆಯ ಇಳಿಕೆಯನ್ನು ಒಮೆಗಾ-3 ತಡೆಯಲಿಲ್ಲ.

ಟ್ರೈಗ್ಲಿಸರೈಡ್ ಹೆಚ್ಚಿದ್ದ ಹಾಗೂ ಹೃದ್ರೋಗದ ಅಪಾಯವಿದ್ದ 8,179 ರೋಗಿಗಳ ರೆಡ್ಯೂಸ್-ಇಟ್ ಪರೀಕ್ಷೆಯಲ್ಲಿ ಶುದ್ಧೀಕರಿಸಿದ ಇಪಿಎ ಔಷಧಿಯನ್ನು ದಿನಕ್ಕೆ 4 ಗ್ರಾಂನಂತೆ ನೀಡಿದಾಗ ಹೃದಯ ಸಂಬಂಧಿ ತೊಂದರೆಗಳು ಶೇ. 25ರಷ್ಟು ಕಡಿಮೆಯಾದವು. ಅದು ವೈದ್ಯರ ಸೂಚನೆಯಂತೆ ನೀಡುವ ಔಷಧಿಯೇ ಹೊರತು ಅಂಗಡಿಯ ಸಾಮಾನ್ಯ ಕ್ಯಾಪ್ಸೂಲ್ ಅಲ್ಲ. ಇಪಿಎ ಮತ್ತು ಡಿಎಚ್‌ಎ ಎರಡನ್ನೂ ಸೇರಿಸಿ ನೀಡಿದ 2020ರ ಸ್ಟ್ರೆಂಗ್ತ್ ಪರೀಕ್ಷೆಯಲ್ಲಿ ಇದೇ ಪ್ರಯೋಜನವು ಕಂಡುಬರಲಿಲ್ಲ.

ಪ್ರಯೋಜನವು ಸಾಬೀತಾಗಿರುವ ಕ್ರಮಗಳು

ಸೂಕ್ಷ್ಮ ರಕ್ತನಾಳಗಳ ರಕ್ಷಣೆಗೆ ದೃಢಪಟ್ಟಿರುವ ಮಾರ್ಗವು ಸಕ್ಕರೆ ಹಾಗೂ ರಕ್ತದೊತ್ತಡಗಳ ನಿಯಂತ್ರಣವೇ ಆಗಿದೆ. ಬ್ರಿಟನ್ನಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಯುಕೆಪಿಡಿಎಸ್ ಅಧ್ಯಯನದಲ್ಲಿ, ಸಕ್ಕರೆಯ ಕಟ್ಟುನಿಟ್ಟಾದ ನಿಯಂತ್ರಣದಿಂದ ಸೂಕ್ಷ್ಮ ರಕ್ತನಾಳಗಳ ತೊಂದರೆಗಳು ಶೇ. 25ರಷ್ಟು, ರಕ್ತದೊತ್ತಡದ ಬಿಗಿಯಾದ ನಿಯಂತ್ರಣದಿಂದ ಶೇ. 37ರಷ್ಟು ಕಡಿಮೆಯಾದವು. ಆದ್ದರಿಂದ ಮೀನೆಣ್ಣೆಯನ್ನು ನಂಬಿ ಔಷಧಿಯನ್ನು ನಿಲ್ಲಿಸುವುದು ಅಥವಾ ಕಣ್ಣಿನ ಪರೀಕ್ಷೆಯನ್ನು ಮುಂದೂಡುವುದು ದೃಷ್ಟಿಯನ್ನೇ ಪಣಕ್ಕಿಟ್ಟಂತೆ.

ಕರ್ನಾಟಕದಲ್ಲಿ ದೊರೆಯುವ ಆಹಾರ ಮೂಲಗಳು

ರಾಜ್ಯದ ಕರಾವಳಿಯಲ್ಲಿ ಸುಲಭ ಬೆಲೆಗೆ ದೊರೆಯುವ ಬೂತಾಯಿ ಅಥವಾ ಬೈಗೆ (ಉತ್ತರ ಕನ್ನಡದಲ್ಲಿ ತಾರ್ಲೆ) ಮತ್ತು ಬಂಗುಡೆ ಮೀನುಗಳು ಇಪಿಎ ಹಾಗೂ ಡಿಎಚ್‌ಎಗಳ ಉತ್ತಮ ಮೂಲಗಳಾಗಿವೆ. ಬೂತಾಯಿಯ ಕೊಬ್ಬಿನ ಅಂಶವು ಋತುಮಾನಕ್ಕೆ ಅನುಗುಣವಾಗಿ ಬದಲಾಗುತ್ತದೆ. ಮಳೆಗಾಲ ಕಳೆದ ನಂತರದ ತಿಂಗಳುಗಳಲ್ಲಿ ಅದು ಹೆಚ್ಚಾಗಿರುತ್ತದೆ. ಒಳನಾಡಿನ ಕೆರೆಗಳ ಕಾಟ್ಲಾ ಮತ್ತು ರೋಹು ಮೀನುಗಳು ಉತ್ತಮ ಪ್ರೋಟೀನ್ ನೀಡುತ್ತವೆಯಾದರೂ ಅವುಗಳಲ್ಲಿ ಈ ಮೇದಾಮ್ಲಗಳು ಬೂತಾಯಿಗಿಂತ ಕಡಿಮೆ.

ಮೀನನ್ನು ಸಾರು ಅಥವಾ ಗಸಿಯ ರೂಪದಲ್ಲಿ ಬೇಯಿಸುವುದು ಎಣ್ಣೆಯಲ್ಲಿ ಕರಿಯುವುದಕ್ಕಿಂತ ಮೇಲು. ಒಣಮೀನು ಮತ್ತು ಮೀನಿನ ಉಪ್ಪಿನಕಾಯಿಯಲ್ಲಿ ಉಪ್ಪು ಅಧಿಕವಾಗಿರುವುದರಿಂದ, ರಕ್ತದೊತ್ತಡ ಹಾಗೂ ಮೂತ್ರಪಿಂಡದ ತೊಂದರೆ ಇರುವವರಿಗೆ ಇವು ಸೂಕ್ತವಲ್ಲ. ಬಂಗುಡೆಯಂತಹ ಮೀನನ್ನು ಮಂಜುಗಡ್ಡೆಯಿಲ್ಲದೆ ಇಟ್ಟಲ್ಲಿ ಹಿಸ್ಟಮಿನ್ ಎಂಬ ವಸ್ತುವು ಉತ್ಪತ್ತಿಯಾಗಿ ತುರಿಕೆ, ತಲೆನೋವು ಮುಂತಾದ ತೊಂದರೆಗಳಾಗುತ್ತವೆ. ಬೇಯಿಸಿದರೂ ಇದು ನಾಶವಾಗುವುದಿಲ್ಲ.

ಸಸ್ಯಾಹಾರಿಗಳು ಅಗಸೆ ಬೀಜ, ಅಕ್ರೋಟು ಹಾಗೂ ಸಾಸಿವೆ ಎಣ್ಣೆಯಿಂದ ಒಮೆಗಾ-3 ವರ್ಗದ ಮತ್ತೊಂದು ಮೇದಾಮ್ಲವನ್ನು ಪಡೆಯಬಹುದು. ಉತ್ತರ ಕರ್ನಾಟಕದ ಊಟದಲ್ಲಿರುವ ಅಗಸಿ ಹಿಂಡಿಯು ಇದಕ್ಕೆ ಉತ್ತಮ ನಿದರ್ಶನ. ದೇಹವು ಇದರ ಅಲ್ಪಾಂಶವನ್ನು ಮಾತ್ರ ಇಪಿಎ ಆಗಿ, ಇನ್ನೂ ಕಡಿಮೆ ಅಂಶವನ್ನು ಡಿಎಚ್‌ಎ ಆಗಿ ಪರಿವರ್ತಿಸುತ್ತದೆ.

ಕ್ಯಾಪ್ಸೂಲ್ ಖರೀದಿಸುವ ಮುನ್ನ ಗಮನಿಸಬೇಕಾದ ಅಂಶಗಳು

1. ಪೊಟ್ಟಣದ ಮೇಲೆ 1,000 ಮಿಲಿಗ್ರಾಂ ಎಂದಿದ್ದಲ್ಲಿ ಅದು ಒಟ್ಟು ಎಣ್ಣೆಯ ತೂಕ. ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಇಪಿಎ 180 ಹಾಗೂ ಡಿಎಚ್‌ಎ 120, ಒಟ್ಟು 300 ಮಿಲಿಗ್ರಾಂ ಮಾತ್ರ ಇರುತ್ತದೆ.
2. ಮೀನಿನ ಯಕೃತ್ತಿನ ಎಣ್ಣೆಯು ಬೇರೆ ಪದಾರ್ಥ. ಅದರಲ್ಲಿ ಎ ಜೀವಸತ್ವವು ಅಧಿಕವಾಗಿರುವುದರಿಂದ ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.
3. ಹೆಚ್ಚಿನ ಪ್ರಮಾಣದ ಸೇವನೆಯಿಂದ ಹೃದಯ ಬಡಿತವು ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ತೊಂದರೆಯ ಸಂಭವವು ಹೆಚ್ಚುತ್ತದೆ.
4. ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುತ್ತಿರುವವರು ಹಾಗೂ ಶಸ್ತ್ರಚಿಕಿತ್ಸೆಗೆ ಒಳಗಾಗಲಿರುವವರು ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.

ಸಾರ್ವಜನಿಕರ ಗಮನಕ್ಕೆ

ಮೀನು ತಿನ್ನುವ ಅಭ್ಯಾಸವಿರುವವರು ವಾರಕ್ಕೆ ಒಂದೆರಡು ಬಾರಿ ಕೊಬ್ಬುಳ್ಳ ಮೀನನ್ನು ಊಟದಲ್ಲಿ ಸೇರಿಸಿಕೊಳ್ಳುವುದು ಹಿತಕರ. ಮಧುಮೇಹಿಗಳು ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ, ಮೂತ್ರದಲ್ಲಿನ ಆಲ್ಬುಮಿನ್ ಪರೀಕ್ಷೆ ಹಾಗೂ ಪಾದಗಳ ಪರೀಕ್ಷೆಯನ್ನು ತಪ್ಪದೆ ಮಾಡಿಸಿಕೊಳ್ಳಬೇಕು. ಧೂಮಪಾನವನ್ನು ಸಂಪೂರ್ಣವಾಗಿ ತ್ಯಜಿಸಬೇಕು. 30 ವರ್ಷ ಮೇಲ್ಪಟ್ಟವರು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ರಕ್ತದೊತ್ತಡಗಳ ತಪಾಸಣೆ ಮಾಡಿಸಿಕೊಳ್ಳಲು ಕೋರಲಾಗಿದೆ. ಈ ಮಾಹಿತಿಯು ತಿಳುವಳಿಕೆಗಾಗಿ ಮಾತ್ರವಿದ್ದು, ಚಿಕಿತ್ಸೆಯಲ್ಲಿ ಯಾವುದೇ ಬದಲಾವಣೆಯನ್ನು ವೈದ್ಯಾಧಿಕಾರಿಗಳ ಸಲಹೆ ಪಡೆದೇ ಮಾಡಿಕೊಳ್ಳತಕ್ಕದ್ದು.