ಹಾರ್ಟನ್ ಪ್ಲಾಜಾ ಮತ್ತು ಅದರ ನೆರೆಯ ಹಳೆಯ ಕಟ್ಟಡಗಳು

1867ರಲ್ಲಿ ಅಲೋಂಜೊ ಹಾರ್ಟನ್ ಎಂಬ ಪೀಠೋಪಕರಣ ವ್ಯಾಪಾರಿ ಸಾನ್ ಫ್ರಾನ್ಸಿಸ್ಕೊದಿಂದ ಹಡಗು ಹತ್ತಿ ಕ್ಯಾಲಿಫೋರ್ನಿಯದ ದಕ್ಷಿಣ ತುದಿಯ ಸಾನ್ ಡಿಯಾಗೊಕ್ಕೆ ಬಂದಿಳಿದ. ಹಳೆಯ ಊರು ದಕ್ಕೆಯಿಂದ ದೂರದಲ್ಲಿತ್ತು. ಪೇಟೆ ಇರಬೇಕಾದದ್ದು ನೀರಿನ ಬದಿಯಲ್ಲಿ ಎಂದು ಅವನಿಗೆ ತೋಚಿತು. ಸುಮಾರು 960 ಎಕರೆ ಪಾಳು ನೆಲವನ್ನು ಏಲಂನಲ್ಲಿ 265 ಡಾಲರಿಗೆ ಹಿಡಿದು, ನಿವೇಶನ ಮಾಡಿ ಮಾರಿದ. 1870ರಲ್ಲಿ ಒಂದು ದೊಡ್ಡ ಹೋಟೆಲು ಕಟ್ಟಿ, ಅದರೆದುರು ಸ್ವಲ್ಪ ಜಾಗವನ್ನು ಬಯಲಾಗಿಯೇ ಉಳಿಸಿದ. ಮುಂದೆ ಆ ಬಯಲನ್ನು ನಗರಸಭೆಗೆ ಮಾರಿದ್ದು ತಿಂಗಳಿಗೆ 100 ಡಾಲರಿನ ಕಂತಿನ ಮೇಲೆ. ಕಂತು ಮುಗಿಯುವ ಮೊದಲೇ ಮುದುಕ ತೀರಿಕೊಂಡಾನೆಂದು ನಗರಸಭೆಯವರು ಎಣಿಸಿದ್ದರಂತೆ. ಹಾಗೊಂದು ಕತೆ ಅಲ್ಲಿದೆ. ಹಾರ್ಟನ್ ಬದುಕಿದ್ದು 95 ವರ್ಷ, ತೀರಿಕೊಂಡದ್ದು 1909ರಲ್ಲಿ.

ಪೇಟೆ ಬೆಳೆದದ್ದು ಫಿಫ್ತ್ ಅವೆನ್ಯೂ ಎಂಬ ಬೀದಿಯುದ್ದಕ್ಕೆ. 1888ರಲ್ಲಿ ಅಲ್ಲಿ ಲೂಯಿಸ್ ಬ್ಯಾಂಕ್ ಆಫ್ ಕಾಮರ್ಸ್ ಎಂಬ ಗ್ರಾನೈಟ್ ಕಲ್ಲಿನ, ಎರಡು ಗೋಪುರದ ಕಟ್ಟಡ ಎದ್ದಿತು. ನನ್ನಂಥ ಬ್ಯಾಂಕು ಗುಮಾಸ್ತನಿಗೆ ಇದರ ಚರಿತ್ರೆ ಸ್ವಲ್ಪ ಕಸಿವಿಸಿಯನ್ನೇ ತರುತ್ತದೆ. ಐದು ವರ್ಷದೊಳಗೆ, 1893ರ ಆರ್ಥಿಕ ಕುಸಿತದ ಕಾಲಕ್ಕೆ, ಬ್ಯಾಂಕು ಮುಚ್ಚಿತು. ಕೆಳಗೆ ಮಳಿ ತಿನ್ನುವ, ಮದ್ಯ ಕುಡಿಯುವ ಅಂಗಡಿ ಬಂತು, ಮಾಳಿಗೆಯಲ್ಲಿ ವೇಶ್ಯಾಗೃಹ. ಸುತ್ತಲಿನ ಬೀದಿಗಳೂ ಅದೇ ದಾರಿ ಹಿಡಿದವು. 1970ರ ಸುಮಾರಿಗೆ ಅಲ್ಲಿ ಉಳಿದದ್ದು ನಾವಿಕರ ಬಾರುಗಳು, ಅಗ್ಗದ ವಸತಿಗೃಹಗಳು ಮತ್ತು ಬೀಗ ಜಡಿದ ಬಾಗಿಲುಗಳು. ಒಳ್ಳೆಯ ಗಿರಾಕಿಗಳೆಲ್ಲ ಊರ ಹೊರಗಿನ ಹೊಸ ಮಾಲ್‌ಗಳಿಗೆ ಕಾರಿನಲ್ಲಿ ಹೋಗುತ್ತಿದ್ದರು.

ಆಗ ಎರಡು ಕೆಲಸಗಳು ಜತೆಜತೆಯಲ್ಲೇ ಮೊದಲಾದುವು. ಒಂದು, ಆ ಬೀದಿಯ ವರ್ತಕರೂ ಕಟ್ಟಡದ ಯಜಮಾನರೂ ಒಟ್ಟಾಗಿ ಹಳೆಯದನ್ನು ಕೆಡವದೆ ದುರಸ್ತಿ ಮಾಡಬೇಕೆಂದು ಹಟ ಹಿಡಿದದ್ದು. ಗ್ಯಾಸ್‌ಲ್ಯಾಂಪ್ ಕ್ವಾರ್ಟರ್ ಎಂದು ಹೆಸರಾದ ಆ ಹದಿನಾರೂವರೆ ಬ್ಲಾಕುಗಳು 1980ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿದುವು. ಇನ್ನೊಂದು, ಅದರ ಪಕ್ಕದಲ್ಲೇ ಆರೂವರೆ ಬ್ಲಾಕುಗಳನ್ನು ಸಮತಟ್ಟು ಮಾಡಿ, ಅರ್ನೆಸ್ಟ್ ಹಾನ್ ಎಂಬ ಉದ್ಯಮಿಯ ಕೈಯಲ್ಲಿ ಒಂದೇ ದೊಡ್ಡ ಮಾಲ್ ಕಟ್ಟಿಸಿದ್ದು. ಈ ನೆಲಸಮದಲ್ಲಿ ಹಳೆಯ ಲೈಸಿಯಂ ನಾಟಕಶಾಲೆ ಹೋಯಿತು. 1924ರ ಬಾಲ್ಬೋವಾ ನಾಟಕಶಾಲೆ ಉಳಿಯಿತು. ಆದರೆ ಬಾಗಿಲು ಮುಚ್ಚಿಕೊಂಡು.

ಮಾಲ್ ತೆರೆದದ್ದು 1985ರ ಆಗಸ್ಟ್ 9ರಂದು; ಖರ್ಚು 14 ಕೋಟಿ ಡಾಲರ್. ವಾಸ್ತುಶಿಲ್ಪಿ ಜಾನ್ ಜರ್ಡಿ ಅದನ್ನು ಜಾತ್ರೆಯಂತೆ ರೂಪಿಸಿದ್ದ: ಹತ್ತಾರು ಬಣ್ಣಗಳು, ಒಂದಕ್ಕೊಂದು ತಾಳೆಯಾಗದ ಅಂತಸ್ತುಗಳು, ಎಲ್ಲಿಗೋ ಹೊರಟು ಇನ್ನೆಲ್ಲಿಗೋ ಮುಟ್ಟಿಸುವ ಸೇತುವೆಗಳು. ಬಂದವರು ದಾರಿ ತಪ್ಪಿ ಸುತ್ತಾಡಬೇಕೆಂದೇ ಹಾಗೆ ಮಾಡಿದ್ದು. ಮೊದಲ ವರ್ಷ ಎರಡೂವರೆ ಕೋಟಿ ಜನ ಬಂದರು. ಮಾಲ್‌ಗೆ ಸಲ್ಲಬೇಕಾದ ಗೌರವವನ್ನು ಇಲ್ಲಿ ಸಲ್ಲಿಸಲೇಬೇಕು. ಪೇಟೆಯ ನಡುವಿಗೆ ಕಾಲಿಡಲು ಹೆದರುತ್ತಿದ್ದ ಸಂಸಾರವಂದಿಗರನ್ನು ಮರಳಿ ಕರೆತಂದದ್ದು ಅದೇ. ಹಾಗೆ ಬಂದವರೇ ಕ್ರಮೇಣ ಪಕ್ಕದ ಹಳೆಯ ಬೀದಿಗೂ ಇಳಿದರು.

ಆದರೆ ಅದರ ಮುಖವೆಲ್ಲ ಒಳಗಿತ್ತು. ಬೀದಿಗೆ ಕಾಣುತ್ತಿದ್ದುದು ಬಹುಮಟ್ಟಿಗೆ ಬೋಳು ಗೋಡೆ. ಕುಂಬಳೆ, ಕಾಸರಗೋಡಿನ ಹಳೆಯ ಪೇಟೆಯಲ್ಲಿ ಓಡಾಡಿ ಬೆಳೆದ ನಮಗೆ ಅಂಗಡಿಯೆಂದರೆ ಮೊದಲು ಜಗಲಿ, ಆಮೇಲೆ ಸಾಮಾನು. ಜಗಲಿಯಿಲ್ಲದ ಅಂಗಡಿಗೆ ದಾರಿಹೋಕರು ಹೇಗೆ ಹತ್ತಿಯಾರು? ಫಿಫ್ತ್ ಅವೆನ್ಯೂದಲ್ಲಿ ಪ್ರತಿ ಬಾಗಿಲೂ ಬೀದಿಗೇ ತೆರೆಯುತ್ತಿತ್ತು, ಕಟ್ಟಡಕ್ಕೊಬ್ಬ ಯಜಮಾನ. ಒಬ್ಬ ಸೋತರೆ ಒಂದು ಬಾಗಿಲು ಮುಚ್ಚುತ್ತದೆ, ಮತ್ತೊಬ್ಬ ಬಂದು ತೆರೆಯುತ್ತಾನೆ. ಮಾಲ್‌ನಲ್ಲಿ ಹಾಗಲ್ಲ. ದೊಡ್ಡ ಬಾಡಿಗೆದಾರನೊಬ್ಬ ಎದ್ದು ಹೋದರೆ ಆ ಮೂಲೆಯ ಸಣ್ಣವರೆಲ್ಲ ಗಿರಾಕಿಯಿಲ್ಲದೆ ಒಣಗುತ್ತಾರೆ. ಜನ ಮನೆಯಲ್ಲೇ ಕುಳಿತು ಸಾಮಾನು ತರಿಸತೊಡಗಿದ ಮೇಲಂತೂ ಈ ಒಣಗು ಬೇಗ ಹಬ್ಬಿತು. 2016ರಲ್ಲಿ ನಾರ್ಡ್‌ಸ್ಟ್ರಾಮ್ ಮುಚ್ಚಿತು, 2020ರಲ್ಲಿ ಮೇಸಿಸ್.

ಅಷ್ಟರೊಳಗೆ, 2018ರಲ್ಲಿ, ಸ್ಟಾಕ್‌ಡೇಲ್ ಎಂಬ ಸಂಸ್ಥೆ 17.5 ಕೋಟಿ ಡಾಲರಿಗೆ ಮಾಲನ್ನು ಕೊಂಡಿತ್ತು. ಕಟ್ಟಡವನ್ನು ಮಾರ್ಪಡಿಸಿ ತಂತ್ರಜ್ಞಾನ ಕಂಪೆನಿಗಳ ಕಚೇರಿ ಮಾಡುವುದು, ಕೆಳಗಿನ ಅಂತಸ್ತಿನ ಅಂಗಡಿಗಳನ್ನು ಬೀದಿಗೆ ತೆರೆಯುವುದು ಅವರ ಯೋಜನೆ. ಅಡ್ಡ ಬಂದದ್ದು ಒಂದು ಹಳೆಯ ಕರಾರು: ಆ ಜಾಗದಲ್ಲಿ 6 ಲಕ್ಷ ಚದರ ಅಡಿ ಅಂಗಡಿಯೇ ಇರಬೇಕು. 2019ರಲ್ಲಿ ನಗರಸಭೆ ಅದನ್ನು 3 ಲಕ್ಷಕ್ಕೆ ಇಳಿಸಿತು. ಜರ್ಡಿಯ ಬಣ್ಣದ ಗೋಡೆಗಳೇ ಈಗ ಪರಂಪರೆಯಲ್ಲವೇ ಎಂದು ಕೇಳಿದವರೂ ಇದ್ದರು. ಆ ಪ್ರಶ್ನೆಯನ್ನು ನಗೆಯಾಡಿ ತಳ್ಳಿಬಿಡುವುದು ನ್ಯಾಯವಲ್ಲ. ಲೂಯಿಸ್ ಬ್ಯಾಂಕಿನ ಕಟ್ಟಡವೂ ಒಂದು ಕಾಲದಲ್ಲಿ ಯಾರಿಗೂ ಬೇಡದ ಕೊಂಪೆಯಾಗಿತ್ತು. ಮಾಲ್‌ನೊಳಗೆ ನಿಂತಿದ್ದ, ಜೆಸ್ಸಪ್ ಎಂಬ ಆಭರಣ ವ್ಯಾಪಾರಿಯ 1907ರ ಇಪ್ಪತ್ತು ಮುಖದ ಗಡಿಯಾರವನ್ನು ಮಾತ್ರ ಬಿಚ್ಚಿ ಬೇರೆಡೆಗೆ ಸಾಗಿಸಿದರು. ಉಳಿದ ಬಣ್ಣಗಳು ಹೋದುವು.

ಕಾಮಗಾರಿ ಆರಂಭವಾಗುವುದಕ್ಕೂ ಕೋವಿಡ್ ಬರುವುದಕ್ಕೂ ಸರಿಹೋಯಿತು. ಕಚೇರಿಯ ಜನ ಮನೆಯಿಂದಲೇ ದುಡಿಯಲು ಕಲಿತರು. ಅಂಗಡಿಗಾಗಿ ಕಟ್ಟಿದ್ದನ್ನು ಅಂಗಡಿಯವರು ಬಿಟ್ಟರು. ಕಚೇರಿಗಾಗಿ ಬದಲಿಸಿದ್ದಕ್ಕೆ ಕಚೇರಿಯವರು ಬರಲಿಲ್ಲ. ಸಾಲದ ಲೆಕ್ಕಕ್ಕೆ ಕಾಯುವ ಗುಣವಿಲ್ಲ. 2025ರಲ್ಲಿ ಆಸ್ತಿ ಏಲಂಗೆ ಬಂದು ಸಾಲ ಕೊಟ್ಟವರ ಪಾಲಾಯಿತು.

ಹಾರ್ಟನ್ ಬಿಟ್ಟಿದ್ದ ಬಯಲು ನಗರಸಭೆಯ ಸೊತ್ತಾಗಿಯೇ ಉಳಿದು, ಕಾರಂಜಿಯ ದುರಸ್ತಿಯೂ ಆಗಿ 2016ರಲ್ಲಿ ಮತ್ತೆ ತೆರೆಯಿತು. ದಶಕಗಳ ಕಾಲ ಬೀಗ ಬಿದ್ದಿದ್ದ ಬಾಲ್ಬೋವಾವನ್ನು ನಗರದವರು 2.65 ಕೋಟಿ ಡಾಲರ್ ಸುರಿದು ಸರಿಪಡಿಸಿ 2008ರಲ್ಲೇ ತೆರೆದಿದ್ದರು. ಅಲ್ಲಿ ಆಟಗಳು ನಡೆಯುತ್ತಿವೆ.