ಟ್ರ್ಯಾಕ್ಟರ್ ಹಿಂದೆ ಟ್ರೇಲರ್: ಹೆದ್ದಾರಿಗೆ ಇಳಿಸೋ ಮೊದಲು ಗೊತ್ತಿರಬೇಕಾದ್ದು

ಕುಂದಾಪುರ: ಮುರಕಲ್ಲು, ಹೊಯ್ಗೆ, ಜಲ್ಲಿ, ಬೈಹುಲ್ಲು, ಗೊಬ್ಬರ, ಶಾಮಿಯಾನದ ಕಂಬ, ಚೌತಿ ಬಂದ್ರೆ ಗಣಪತಿ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಹೊರದ ಸಾಮಾನೇ ಕಡಿಮೆ. ಗದ್ದೆಗೆ ಅಂತ ತಂದ ಎಷ್ಟೋ ಟ್ರ್ಯಾಕ್ಟರ್‌ಗಳು ಗದ್ದೆಗಿಂತ ರಸ್ತೆಯಲ್ಲೇ ಹೆಚ್ಚು ದಿನ ಕಳೆಯುತ್ತವೆ. ಆ ರಸ್ತೆ ಈಗ ಹಳೆಯ 17 ಅಲ್ಲ, ಚತುಷ್ಪಥದ ರಾಷ್ಟ್ರೀಯ ಹೆದ್ದಾರಿ 66. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರ್‌ಗೆ ಪ್ರವೇಶವಿಲ್ಲ. ನಮ್ಮಲ್ಲಿ ಹಾಗಿಲ್ಲ. ಸರ್ವಿಸ್ ರಸ್ತೆ ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ. ಹಾಗಾಗಿ 20ರಲ್ಲಿ ಹೋಗುವ ಟ್ರ್ಯಾಕ್ಟರೂ 90ರಲ್ಲಿ ಬರುವ ಕಾರೂ ಒಂದೇ ಡಾಮರಿನ ಮೇಲೆ.

ಅಪಾಯ ಹೆಚ್ಚಾಗಿ ಬರೋದು ಹಿಂದಿನಿಂದ. ಲೆಕ್ಕ ಹಾಕಿ ನೋಡಿ. ಬೈಕ್ 60 ಕಿ.ಮೀ. ವೇಗದಲ್ಲಿದೆ, ಮುಂದಿನ ಟ್ರೇಲರ್ 20ರಲ್ಲಿದೆ. ಎರಡರ ನಡುವಿನ ಅಂತರ ಸೆಕೆಂಡಿಗೆ 11 ಮೀಟರ್ ಕರಗುತ್ತದೆ. ಲೈಟಿಲ್ಲದ, ಮಣ್ಣು ಮೆತ್ತಿದ ಟ್ರೇಲರ್ ರಾತ್ರಿ 30 ಮೀಟರ್ ದೂರದಲ್ಲಿ ಕಣ್ಣಿಗೆ ಬಿದ್ದರೆ ಬೈಕಿನವನಿಗೆ ಸಿಗೋದು ಮೂರು ಸೆಕೆಂಡೂ ಇಲ್ಲ. ಎದುರಿಂದ ಕಾರಿನ ಹೈ ಬೀಮ್ ಇದ್ದರೆ ಅದೂ ಇಲ್ಲ. ಟ್ರೇಲರ್ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸೋಕೆ ತಗಲುವ ಖರ್ಚು ಒಂದು ಲೋಡಿನ ಬಾಡಿಗೆ ಎದುರು ಏನೂ ಅಲ್ಲ. ಅಂಟಿಸಿದ ಮೇಲೆ ಒರೆಸಬೇಕು, ಇದನ್ನು ಹೆಚ್ಚಿನವರು ಮರೆಯುತ್ತಾರೆ. ಇಂಡಿಕೇಟರ್, ಬ್ರೇಕ್ ಲೈಟಿನ ವಯರ್ ಟ್ರೇಲರ್‌ವರೆಗೂ ಬರಬೇಕು. ಬೈಹುಲ್ಲು ತುಂಬಿದಾಗ ಅದು ಲೈಟನ್ನೇ ಮುಚ್ಚಿಬಿಡುತ್ತದೆ.

ಭಾರ ಎಲ್ಲಿ ಕೂರುತ್ತೆ?

ಎರಡು ಚಕ್ರದ ಟ್ರೇಲರ್‌ನಲ್ಲಿ ಲೋಡಿನ ಒಂದು ಪಾಲು ಕೊಕ್ಕೆಯ ಮೂಲಕ ಟ್ರ್ಯಾಕ್ಟರ್ ಹಿಂಭಾಗದ ಮೇಲೆ ಬೀಳುತ್ತದೆ. ಇದು ಸ್ವಲ್ಪ ಬೇಕು, ಚಕ್ರಕ್ಕೆ ಹಿಡಿತ ಸಿಗೋದು ಅದರಿಂದಲೇ. ಕಲ್ಲನ್ನೆಲ್ಲ ಮುಂದಕ್ಕೆ ಪೇರಿಸಿದರೆ ಏರಿನಲ್ಲಿ ಟ್ರ್ಯಾಕ್ಟರ್‌ನ ಮೂತಿ ಎದ್ದು, ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತಿರುಗೋದಿಲ್ಲ. ಎಲ್ಲ ಹಿಂದಕ್ಕೆ ಹಾಕಿದರೆ ಟ್ರೇಲರ್ ಕೊಕ್ಕೆಯನ್ನು ಮೇಲಕ್ಕೆತ್ತಿ ಅತ್ತಿತ್ತ ಹೊಯ್ದಾಡುತ್ತದೆ. ಭಾರದ್ದನ್ನು ತಳಕ್ಕೆ, ಆಕ್ಸಲ್‌ಗಿಂತ ತುಸು ಮುಂದೆ ಇಡೋದು ಸರಿ. ಹೊಯ್ಗೆ ವಿಷಯದಲ್ಲಿ ಕಣ್ಣಂದಾಜು ಮೋಸ ಮಾಡುತ್ತದೆ: ಒಂದು ಘನ ಮೀಟರ್ ಒಣ ಹೊಯ್ಗೆ ಸುಮಾರು 1.6 ಟನ್, ಚೆನ್ನಾಗಿ ನೀರು ಕುಡಿದದ್ದು 1.9 ಟನ್ ಹತ್ತಿರ.

ಕೊಕ್ಕೆಯ ಪಿನ್‌ಗೆ ಲಾಕ್ ಪಿನ್ ಹಾಕಲೇಬೇಕು, ತಂತಿ ಸುತ್ತಿದರೆ ಆಗೋದಿಲ್ಲ. ಜತೆಗೊಂದು ಸೇಫ್ಟಿ ಚೈನ್ ಇದ್ದರೆ ಪಿನ್ ತುಂಡಾದರೂ ಟ್ರೇಲರ್ ಎದುರಿನ ಪಥಕ್ಕೆ ಓಡೋದಿಲ್ಲ.

ಇಳಿಜಾರೇ ಪರೀಕ್ಷೆ

ಎಷ್ಟೋ ಟ್ರೇಲರ್‌ಗಳಿಗೆ ಸ್ವಂತ ಬ್ರೇಕ್ ಇಲ್ಲ. ಇಡೀ ಲೋಡನ್ನು ನಿಲ್ಲಿಸಬೇಕಾದ್ದು ಟ್ರ್ಯಾಕ್ಟರ್ ಒಂದೇ. ಬೈಂದೂರಿನ ಒತ್ತಿನೆಣೆ, ಹೊಸಂಗಡಿಯಿಂದ ಮೇಲಿನ ಬಾಳೆಬರೆ ಘಾಟಿ, ಕೊಲ್ಲೂರು ಘಾಟಿ, ಇಲ್ಲೆಲ್ಲ ಇಳಿಯೋಕೆ ಶುರು ಮಾಡುವ ಮೊದಲೇ ಸಣ್ಣ ಗೇರ್ ಹಾಕಬೇಕು. ಅರ್ಧ ಇಳಿದ ಮೇಲೆ ಗೇರ್ ಬದಲಿಸಲು ಹೋದರೆ ನ್ಯೂಟ್ರಲ್‌ನಲ್ಲಿ ಸಿಕ್ಕ ಆ ಒಂದೆರಡು ಸೆಕೆಂಡಿನಲ್ಲೇ ಲೋಡು ಹಿಂದಿನಿಂದ ದೂಡಲು ಶುರು ಮಾಡುತ್ತದೆ. ಆಗ ಬ್ರೇಕನ್ನು ಗಟ್ಟಿಯಾಗಿ ಒತ್ತಿದರೆ ಟ್ರ್ಯಾಕ್ಟರ್ ನಿಲ್ಲುತ್ತದೆ, ಟ್ರೇಲರ್ ನಿಲ್ಲೋದಿಲ್ಲ. ಎರಡೂ ಪೇನಾಕತ್ತಿಯ ಹಾಗೆ ಮಡಚಿಕೊಳ್ಳುತ್ತವೆ. ಡೀಸೆಲ್ ಉಳಿಸೋಕೆ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಅಭ್ಯಾಸ ಶುದ್ಧ ಹುಚ್ಚು.

ಇನ್ನೊಂದು, ಗದ್ದೆಯಲ್ಲಿ ತಿರುಗಿಸೋಕೆ ಅನುಕೂಲ ಅಂತ ಎಡ-ಬಲ ಬ್ರೇಕ್ ಪೆಡಲ್ ಬೇರೆ ಬೇರೆ ಇರುತ್ತದೆ. ರಸ್ತೆಗೆ ಬರುವಾಗ ಎರಡನ್ನೂ ಕೂಡಿಸಿ ಲಾಕ್ ಮಾಡದಿದ್ದರೆ, ಅವಸರದಲ್ಲಿ ಒಂದೇ ಚಕ್ರಕ್ಕೆ ಬ್ರೇಕ್ ಬಿದ್ದು ಗಾಡಿ ಪಲ್ಟಿ.

ಮಳೆಗಾಲದಲ್ಲಿ ಗದ್ದೆಯಿಂದ ಬರುವ ಚಕ್ರ ಅರ್ಧ ಗದ್ದೆಯನ್ನೇ ಡಾಮರಿಗೆ ತರುತ್ತದೆ. ಹಿಂದೆ ಬರುವ ಸ್ಕೂಟಿಗೆ ಆ ಕೆಸರು ಎಣ್ಣೆ ಚೆಲ್ಲಿದ ಹಾಗೆ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಗಾಳಿಗೆ ತಡೆಯೇ ಇಲ್ಲ. ಎತ್ತರಕ್ಕೆ ಬೈಹುಲ್ಲು ಪೇರಿಸಿದ ಗಾಡಿ ಅಲ್ಲಿ ನಿಧಾನ ಹೋಗಬೇಕು.

ತಿರುವಿನಲ್ಲಿ ಟ್ರೇಲರ್ ಚಕ್ರ ಟ್ರ್ಯಾಕ್ಟರ್‌ನ ದಾರಿಯಲ್ಲೇ ಬರೋದಿಲ್ಲ, ಒಳಗೆ ಕತ್ತರಿಸುತ್ತದೆ. ಹೆಮ್ಮಾಡಿಯಂಥ ಜಂಕ್ಷನ್‌ಗಳಲ್ಲಿ ಎಡಬದಿಗೆ ನುಗ್ಗುವ ಬೈಕ್ ಸವಾರರು ಸಿಕ್ಕಿಕೊಳ್ಳೋದು ಹೀಗೆ. ಡಿವೈಡರ್ ಗ್ಯಾಪಲ್ಲಿ ಯೂ-ಟರ್ನ್ ಹೊಡೆಯುವಾಗ ಟ್ರ್ಯಾಕ್ಟರ್ ದಾಟಿದರೂ ಟ್ರೇಲರ್ ಇನ್ನೂ ಫಾಸ್ಟ್ ಲೇನಲ್ಲೇ ಇರುತ್ತದೆ ಅನ್ನೋದು ನೆನಪಿರಬೇಕು.

ಕಾಗದಪತ್ರ

ಖಾಲಿ ತೂಕ 7,500 ಕೆ.ಜಿ. ಮೀರದ ಟ್ರ್ಯಾಕ್ಟರ್ ಲಘು ವಾಹನವೇ, ಎಲ್‌ಎಂವಿ ಲೈಸೆನ್ಸ್ ನಡೆಯುತ್ತದೆ. ಟ್ರೇಲರ್ ಸಿಕ್ಕಿಸಿದ ಮಾತ್ರಕ್ಕೆ ಟ್ರ್ಯಾಕ್ಟರ್ ಚಾಲಕನ ಲೈಸೆನ್ಸ್ ಅಸಿಂಧು ಆಗೋದಿಲ್ಲ ಅಂತ ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಆದರೆ ಟ್ರೇಲರ್‌ಗೆ ಬೇರೆಯೇ ನೋಂದಣಿ ಬೇಕು. ಅದರ ನಂಬರ್ ಎಡಬದಿಯಲ್ಲಿ, ಎಳೆಯುವ ಟ್ರ್ಯಾಕ್ಟರ್‌ನ ನಂಬರ್ ಹಿಂಬದಿಯಲ್ಲಿ ಇರಬೇಕು. ವಿಮೆ ಪಾಲಿಸಿಯಲ್ಲಿ ಟ್ರೇಲರ್ ಸೇರಿದೆಯಾ ಅಂತ ಓದಿ ನೋಡಿ. ಮೆರವಣಿಗೆಗೋ ಕೆಲಸಕ್ಕೋ ಟ್ರೇಲರ್‌ನಲ್ಲಿ ಜನ ಕೂರಿಸಿ ಏನಾದರೂ ಆದರೆ ಪರಿಹಾರದ ಹೊರೆ ಮಾಲೀಕನ ತಲೆಗೇ ಬರಬಹುದು.

ಹಾರ್ಡ್‌ವೇರ್ ಅಂಗಡಿಯವರಿಗೂ ಇಲ್ಲಿ ಪಾಲಿದೆ. ಮಿತಿ ಮೀರಿ ಹೊರಚಾಚಿದ ಲೋಡಿಗೆ 2019ರಲ್ಲಿ ತಿದ್ದುಪಡಿಯಾದ ಕಾಯ್ದೆಯಲ್ಲಿ 20,000 ರೂ. ದಂಡವಿದೆ. ಓವರ್‌ಲೋಡಿಗೆ 20,000 ರೂ. ಜತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂ. ಕಬ್ಬಿಣದ ಸರಳು ಕೊಡುವಾಗ ಬಗ್ಗಿಸಿ ಇಲ್ಲವೇ ಕತ್ತರಿಸಿ ಕೊಟ್ಟರೆ ಆಯ್ತು. ತುದಿಗೆ ಕೆಂಪು ಬಟ್ಟೆ ಕಟ್ಟಿದ್ರೆ ರಾತ್ರಿ ಯಾರಿಗೂ ಕಾಣೋದಿಲ್ಲ.

ದಾರಿಯಲ್ಲಿ ಕೆಟ್ಟರೆ ಗಾಡಿಯನ್ನು ಆದಷ್ಟೂ ಎಡಕ್ಕೆ, ಮಣ್ಣಿನ ಮೇಲೆ ತಂದು, ಹಿಂದೆ ದೂರದಲ್ಲಿ ಹೊಳೆಯುವ ತ್ರಿಕೋನ ಇಡಬೇಕು. ಸೊಪ್ಪಿನ ಗೆಲ್ಲು ಹಗಲಿಗೆ ಮಾತ್ರ. ತುರ್ತಿಗೆ 112. ರಿಪೇರಿ ಮುಗಿಸಿ ಹೊರಡುವಾಗ ಚಕ್ರಕ್ಕೆ ಕೊಟ್ಟ ಕಲ್ಲನ್ನು ರಸ್ತೆಯಿಂದ ತೆಗೆದು ಚರಂಡಿ ಆಚೆ ಎಸೆದೇ ಹೊರಡಬೇಕು. ಬೆಳಗಿನ ಜಾವ ಹಾಲು, ಪೇಪರ್ ಹಾಕುವ ಹುಡುಗರು ಬರೋದು ಅದೇ ದಾರಿಯಲ್ಲಿ.